ಓಡದ ಮೀಟರು, ಓಡುವ ಲಾಗ್‌ಬುಕ್ಕು

ನಿಮ್ಮ ಮನೆಯ ಕರೆಂಟ್ ಮೀಟರ್ ನಿಂತರೆ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಬಿಲ್ಲು ಹರಿಯುತ್ತಾರೆ. ಕರೆಂಟ್ ಕಂಪನಿಯ ಜೀಪಿನ ಮೀಟರ್ ನಿಂತರೂ ಅದೇ ನ್ಯಾಯ. ವ್ಯತ್ಯಾಸ ಇಷ್ಟೇ, ನಿಮ್ಮದನ್ನು ಬದಲಾಯಿಸುತ್ತಾರೆ, ಜೀಪಿನದನ್ನು ಯಾರೂ ಮುಟ್ಟುವುದಿಲ್ಲ. ಕೆಟ್ಟ ಮೀಟರಿನಷ್ಟು ಉಪಯೋಗಕ್ಕೆ ಬರುವ ಬಿಡಿಭಾಗ ಗಾಡಿಯಲ್ಲಿ ಇನ್ನೊಂದಿಲ್ಲ.

ಓಡಿದ ಕಿಲೋಮೀಟರ್ ನೋಡಿ ಡೀಸೆಲ್ ಲೆಕ್ಕ ಹಾಕುವುದು ಹೊಸಬರ ಪದ್ಧತಿ. ವಾಹನ ಶಾಖೆಯಲ್ಲಿ ಪಳಗಿದವರು ಮೊದಲು ಬಂಕಿನ ಬಿಲ್ಲು ಜೋಡಿಸಿಕೊಳ್ಳುತ್ತಾರೆ. ತಿಂಗಳಿಗೆ 160 ಲೀಟರ್, ಮಂಜೂರಾದ ಮೈಲೇಜು ಲೀಟರಿಗೆ 10. ಅಂದಮೇಲೆ ಗಾಡಿ 1,600 ಕಿ.ಮೀ. ಓಡಿರಲೇಬೇಕು. ತುಮಕೂರಿನಿಂದ ಪಾವಗಡಕ್ಕೆ ಹೋಗಿ ಬಂದರೆ ಇನ್ನೂರರ ಆಸುಪಾಸು. ಎಂಟು ಸಲ ‘ಲೈನ್ ತಪಾಸಣೆ’ ಅಂತ ಬರೆದರೆ ಸರಿಹೋಯಿತು. ಶುಕ್ರವಾರದ ತಪಾಸಣೆ ಮಾತ್ರ ಅದೇಕೋ ಗೊರವನಹಳ್ಳಿ ಲಕ್ಷ್ಮಿ ಗುಡಿ ಕಡೆಯ ಫೀಡರಿಗೇ ಬೀಳುತ್ತದೆ, ಅದೂ ಕುಟುಂಬ ಸಮೇತ. ರಸ್ತೆಯ ಜೀಪಿಗೆ ಏರು, ಎ.ಸಿ., ಗಾಳಿ ಇಳಿದ ಟೈರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪುಸ್ತಕದ ಜೀಪು ವರ್ಷಪೂರ್ತಿ ಹತ್ತಕ್ಕೆ ಹತ್ತು. ಆಡಿಟ್‌ನವರಿಗೆ ಅನುಮಾನ ಹುಟ್ಟುವುದು 9.2 ಅಂತ ನಿಜ ಬರೆದವನ ಮೇಲೆ. ಜಿ.ಪಿ.ಎಸ್. ಹಾಕಿಸಿಲ್ಲವೇ ಅಂದರೆ, ಹಾಕಿಸಿದ್ದಾರೆ. ಅದರ ವೈರು ಶುಕ್ರವಾರ ಸಡಿಲವಾಗುತ್ತದೆ.

2020ರ ಏಪ್ರಿಲ್‌ನಿಂದ ಹೊಗೆಗೆ ಕಡಿವಾಣ ಹಾಕುವ ಬಿ.ಎಸ್.-6 ಗಾಡಿಗಳು ಬಂದವಲ್ಲ, ಆಗ ಹೊಸ ಪೀಕಲಾಟ ಶುರುವಾಯಿತು. ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್ ಸಾಗಿಸುವ ಲಾರಿಗೆ ಡೀಸೆಲ್ ಜೊತೆ ಹೊಗೆ ಶುದ್ಧ ಮಾಡುವ ಡಿ.ಇ.ಎಫ್. ದ್ರವ ಕೂಡ ಬೇಕು, ಶೇ 32.5 ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ನೂರು ಲೀಟರ್ ಡೀಸೆಲ್ಲಿಗೆ ಸುಮಾರು ಐದು ಲೀಟರ್ ಹಿಡಿಯುತ್ತದೆ. ಖಾಲಿಯಾದರೆ ಎಂಜಿನ್ ಎಳೆಯುವುದಿಲ್ಲ. ಕೆಲವು ಲಾರಿ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟೇ ಆಗುವುದಿಲ್ಲ. ಡ್ರೈವರ್ ಇಂಡೆಂಟಿನಲ್ಲಿ ‘ಯೂರಿಯಾ, 20 ಲೀಟರ್’ ಅಂತ ಬರೆದ. ಲೆಕ್ಕಶಾಖೆಯಿಂದ ಷರಾ ಬಂತು: ‘ಗೊಬ್ಬರ ಕೃಷಿ ಇಲಾಖೆಗೆ ಸಂಬಂಧಿಸಿದ್ದು. ಅಲ್ಲದೆ ಕೆ.ಜಿ.ಯಲ್ಲಿ ನಮೂದಿಸಿಲ್ಲ.’

ಕಡತ ತಿರುಗುವಷ್ಟರಲ್ಲಿ ಯಾರೋ ಡಿ.ಇ.ಎಫ್. ಟ್ಯಾಂಕಿಗೆ ಬೋರ್‌ವೆಲ್ ನೀರು ತುಂಬಿಸಿದರು. ಪಾವಗಡದ ಫ್ಲೋರೈಡ್ ನೀರು ಜನರ ಹಲ್ಲನ್ನೇ ಬಿಟ್ಟಿಲ್ಲ, ಲಾರಿಯನ್ನು ಬಿಟ್ಟೀತೇ? ದ್ರವ ಚಿಮ್ಮಿಸುವ ಡೋಸಿಂಗ್ ನಾಜಲ್ ಲವಣ ಕಟ್ಟಿ ಮುಚ್ಚಿಕೊಂಡಿತು, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹೋಯಿತು. ಡಿ.ಇ.ಎಫ್. ಕ್ಯಾನ್ ತರಲು, ಖರ್ಚು ಬರೆಯುವ ಲೆಕ್ಕ ಶೀರ್ಷಿಕೆ ಇರಲಿಲ್ಲ. ಅದರ ಎಷ್ಟೋ ಪಟ್ಟಿನ ರಿಪೇರಿಗೆ ಇತ್ತು. ಮಂಜೂರಾತಿ ಸಂಜೆಯೊಳಗೆ ಸಿಕ್ಕಿತು.

ಅತ್ತ ಹಳ್ಳಿಯಲ್ಲಿ ಟಿ.ಸಿ. ಸುಟ್ಟು ಕೂತಿದೆ. 72 ಗಂಟೆಯೊಳಗೆ ಬದಲಾಯಿಸಬೇಕೆಂಬುದು ನಿಯಮ, ಆದರೆ ಕಡಲೆಕಾಯಿ ಗಿಡಕ್ಕೆ ನಿಯಮ ಕುಡಿಸಲಾಗುವುದಿಲ್ಲವಲ್ಲ. ರೈತರೇ ಚಂದಾ ಎತ್ತಿ ಟ್ರ್ಯಾಕ್ಟರಿಗೆ ಟಿ.ಸಿ. ಏರಿಸಿಕೊಂಡು ಬಂದರು. ಅದೇ ದಿನದ ಲಾರಿ ಲಾಗ್‌ಬುಕ್ಕಿನಲ್ಲಿ ‘ಸುಟ್ಟ ಟಿ.ಸಿ. ಸಾಗಣೆ, 96 ಕಿ.ಮೀ.’ ಎಂದು ನೀಟಾಗಿ ನಮೂದಾಯಿತು. ಟ್ರ್ಯಾಕ್ಟರ್ ಬಾಡಿಗೆ ಕೊಡಿಸಿ ಸ್ವಾಮಿ ಅಂತ ರೈತರು ಕಿಟಕಿಯ ಮುಂದೆ ನಿಂತಾಗ ಒಳಗಿನಿಂದ ಕೇಳಿದ್ದು ಒಂದೇ ಪ್ರಶ್ನೆ: “ಟ್ರ್ಯಾಕ್ಟರ್ ಲಾಗ್‌ಬುಕ್ ತಂದಿದ್ದೀರಾ, ಯಜಮಾನ್ರೇ?”