ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎರಡೂವರೆ ಗಂಟೆಯಲ್ಲ

'ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ' ಅಂತ ಒಂದು ವಾಟ್ಸ್ಯಾಪ್ ಮೆಸೇಜ್ ಓಡಾಡ್ತಿದೆ. ಎರಡೂವರೆ ಗಂಟೆ ಪ್ರಯಾಣ ಅಂತ ಕೆಲವರು ನಂಬಿಯೂ ಇದ್ದಾರೆ. ಇದು ತಪ್ಪು.

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ಚಳಿಗಾಲದಲ್ಲಿ ಅಲ್ಲಿನ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2.30 ಅಂದ್ರೆ ಅಲ್ಲಿ ಆಗಿನ್ನೂ ರಾತ್ರಿ 1 ಗಂಟೆ. ಅಲ್ಲಿಂದ ಸಂಜೆ 5ರವರೆಗೆ ಲೆಕ್ಕ ಹಾಕಿ. ಪೂರಾ 16 ಗಂಟೆ!

ವಾಪಸ್ ಬರುವಾಗ ಉಲ್ಟಾ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಇನ್ನೂ ಮೂವರು ಮಹಿಳಾ ಪೈಲಟ್‌ಗಳು ಓಡಿಸಿದ ವಿಮಾನ ಅದು. ತಾರೀಖು ಎರಡು ಸಲ ಬದಲಾಯಿತು, ಹಾರಿದ್ದು ಸುಮಾರು 17 ಗಂಟೆ ಅಷ್ಟೇ.

ದೂರ ಸುಮಾರು 14,000 ಕಿ.ಮೀ. ಗೋಡೆಯ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೆದರೆ ಇದು ಸಿಗಲ್ಲ. ಮಕ್ಕಳ ಗ್ಲೋಬ್ ತಗೊಳ್ಳಿ, ಎರಡು ಊರಿನ ನಡುವೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗೇ ಮೇಲಕ್ಕೆ ಜಾರಿ ಚೀನಾ, ಸೈಬೀರಿಯಾ, ಅಲಾಸ್ಕ ಕಡೆ ಹೋಗುತ್ತದೆ. ಹತ್ತಿರದ ದಾರಿ ಅದೇ. ಗಾಳಿ ನೋಡಿಕೊಂಡು ಪೈಲಟ್‌ಗಳು ದಾರಿ ಬದಲಿಸುವುದೂ ಉಂಟು.

ಮಕ್ಕಳನ್ನು ಕರೆತರಲು ಏರ್‌ಪೋರ್ಟಿಗೆ ಹೋಗುವ ಅಪ್ಪ ಅಮ್ಮಂದಿರೇ, ದಯವಿಟ್ಟು ಇಳಿಯುವ ತಾರೀಖನ್ನೇ ನೋಡಿ, ಹೊರಟದ್ದನ್ನಲ್ಲ.