ಕೇದಗೆಯ ಘಮಕ್ಕೆ ಹಾವು ಬರುತ್ತದೆಯೇ?

ಕೇದಗೆಯ ವಾಸನೆಗೆ ನಾಗರಹಾವು ಬರುತ್ತದೆ, ಗಿಡ ಕಡಿದುಬಿಡಿ ಎನ್ನುವ ಸಂದೇಶ ಆಗಾಗ ಫೋನಿಗೆ ಬರುತ್ತಲೇ ಇರುತ್ತದೆ. ಇದು ನಿಜವಲ್ಲ. ಹಾವಿಗೆ ಹೂವಿನ ಘಮದಿಂದ ಆಗಬೇಕಾದದ್ದು ಏನೂ ಇಲ್ಲ. ನಾಲಿಗೆ ಚಾಚಿ ಅದು ಹುಡುಕುವುದು ಇಲಿ, ಕಪ್ಪೆಗಳ ಜಾಡನ್ನು.

ಆದರೆ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಕೇದಗೆ ಬೆಳೆಯುವುದು ಹೊಳೆ, ಗದ್ದೆ, ಕಡಲಿನ ಅಂಚಿನಲ್ಲಿ. ಎಲೆಯ ಅಂಚಿಗೆಲ್ಲ ಮುಳ್ಳು, ಕಾಂಡದಿಂದ ಕೆಳಗಿಳಿದ ಬೇರು. ಆ ದಟ್ಟ ಪೊದೆಯಲ್ಲಿ ಹಾವಿಗೆ ತಂಪು, ಮರೆ, ಊಟ ಮೂರೂ ಸಿಗುತ್ತವೆ. ಕರಾವಳಿಯಲ್ಲಿ ನಾಗನಿಗೆ ಕೇದಗೆ ಅರ್ಪಿಸುವ ಪದ್ಧತಿಯೂ ಇದೆ ಅಲ್ವಾ?

ಇದರಲ್ಲಿ ಗಂಡು, ಹೆಣ್ಣು ಗಿಡ ಬೇರೆ ಬೇರೆ. ಘಮಘಮಿಸುವುದು ಗಂಡು ಹೂ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಅತ್ತರು ಇಳಿಸುವುದೂ ಅದರಿಂದಲೇ. ಹೆಣ್ಣು ಗಿಡ ಅನಾನಸಿನಂಥ ಕಾಯಿ ಬಿಡುತ್ತದೆ. ಅದರ ಪೊದೆಯಲ್ಲೂ ಹಾವು ಇರಬಹುದು.

ನೀವೇ ಪರೀಕ್ಷಿಸಬಹುದು. ಸಂಪಿಗೆ, ಮಲ್ಲಿಗೆ, ರಾತ್ರಿರಾಣಿ ಎಂದು ಹೆಸರು ಬದಲಿಸಿ ಹುಡುಕಿ ನೋಡಿ, ಅದೇ ಮಾತು ಸಿಗುತ್ತದೆ. ಸಂದೇಶದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಫೋಟೊ ಬೇರೆಲ್ಲಿ ಬಂದಿದೆ ಎಂದು ನೋಡಿ. ಊರಿನ ಹಾವು ಹಿಡಿಯುವವರನ್ನೂ ಕೇಳಿ.

ಬೆಳೆಸುವ ಆಸೆಯಿದ್ದರೆ ಮಳೆ ಶುರುವಾದಾಗ ಬುಡದ ಮರಿಗಿಡ ತಂದು ನೆಡಿ. ಒಣಗಿದ ಎಲೆ ತೆಗೆದು ಬುಡ ಚೊಕ್ಕವಾಗಿಡಿ. ಹೂವನ್ನು ಹಗಲಲ್ಲೇ, ಉದ್ದದ ದೋಟಿಯಿಂದ ಕೊಯ್ಯಿರಿ.