ಕೆಲಸ ಸರಿಯಿಲ್ಲದ ಡಾಕ್ಟರನ್ನು ತೆಗೆಯುವುದು ಸುಲಭವಾಗಬೇಕೇ?

ಪರ

ಯಾವ ಡಾಕ್ಟರ ಹತ್ತಿರ ತಮ್ಮ ಮನೆಯವರನ್ನು ಕಳಿಸಬಾರದು ಅಂತ ಆಸ್ಪತ್ರೆಯ ನರ್ಸ್‌ಗಳಿಗೆ ಗೊತ್ತಿರುತ್ತದೆ. ಜೊತೆಗಿರುವ ಡಾಕ್ಟರುಗಳಿಗೂ ಗೊತ್ತು. ಗೊತ್ತಿಲ್ಲದೆ ಹೋಗಿ ಮಲಗುವವರು ರೋಗಿ ಮಾತ್ರ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆದದ್ದೂ ಇದೇ. ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಎಂದು ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ 1990ರಲ್ಲೇ ಪತ್ರ ಬರೆದರು. ಸುಮಾರು ಐದು ವರ್ಷ ಆಪರೇಷನ್‌ಗಳು ನಡೆದೇ ಇದ್ದವು. 1991ರಿಂದ 1995ರ ನಡುವೆ, ಒಂದು ವರ್ಷ ತುಂಬದ ಮಕ್ಕಳಲ್ಲಿ ಬೇರೆ ಕಡೆಯ ಲೆಕ್ಕಕ್ಕಿಂತ 30ರಿಂದ 35 ಸಾವು ಹೆಚ್ಚಾಗಿತ್ತು ಎಂದು 2001ರ ತನಿಖಾ ವರದಿ ಹೇಳಿತು. ಅಷ್ಟರಲ್ಲಿ ಬೋಲ್ಸಿನ್ ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದ್ದರು. ದೂರು ಕೊಟ್ಟವರಿಗೆ ಈ ಗತಿ!

ಯಾಕಿಷ್ಟು ತಡ? ಒಂದು ಸಾವಿನಿಂದ ಏನೂ ಸಾಬೀತಾಗುವುದಿಲ್ಲ. ರೋಗವೇ ಜೋರಾಗಿತ್ತು ಎನ್ನಬಹುದು. ಸಾಕ್ಷಿ ಹೇಳಿದ ಡಾಕ್ಟರ್ ಮರುದಿನ ಅದೇ ಆಪರೇಷನ್ ಥಿಯೇಟರ್‌ನಲ್ಲಿ ಆ ಆರೋಪಿ ಡಾಕ್ಟರ ಪಕ್ಕ ನಿಲ್ಲಬೇಕು. ಆಡಳಿತಕ್ಕೆ ಕೋರ್ಟಿನ ಭಯ. ಹಾಗಾಗಿ ಸುಮ್ನೆ ರಾಜೀನಾಮೆ ಬರೆಸಿಕೊಂಡು, ನಾಲ್ಕು ಒಳ್ಳೆಯ ಮಾತಿನ ಪತ್ರ ಕೊಟ್ಟು ಸಾಗಹಾಕುತ್ತಾರೆ. ತೊಂದರೆ ಮುಂದಿನ ಆಸ್ಪತ್ರೆಯದಾಗುತ್ತದೆ. ಇದನ್ನು ತಡೆಯಲೆಂದೇ ಅಮೆರಿಕ 1990ರಲ್ಲಿ ಇಂಥ ಡಾಕ್ಟರುಗಳ ರಾಷ್ಟ್ರೀಯ ದಾಖಲೆ ಶುರುಮಾಡಿತು. ಆದರೆ ಅದರಲ್ಲಿ ತಮ್ಮ ಡಾಕ್ಟರ ಹೆಸರಿದೆಯೇ ಎಂದು ರೋಗಿ ನೋಡುವಂತಿಲ್ಲ.

ಎಲ್ಲ ಡಾಕ್ಟರುಗಳ ಮೇಲೂ ಕತ್ತಿ ತೂಗಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಹೆಚ್ಚುಕಡಿಮೆ ಅರ್ಧದಷ್ಟು ದೂರುಗಳು ಶೇ. 3ರಷ್ಟು ಡಾಕ್ಟರುಗಳ ಮೇಲೇ ಇದ್ದವು. ಇಷ್ಟು ಜನರನ್ನು ಗುರುತಿಸುವುದು ಅಷ್ಟು ಕಷ್ಟವೇ?

ವಿರೋಧ

ದೂರು ಜಾಸ್ತಿ ಬಂದವರೆಲ್ಲ ಕೆಟ್ಟ ಡಾಕ್ಟರಲ್ಲ. ಕಷ್ಟದ ಕೇಸು ಹಿಡಿದವರಿಗೆ ಸಾವೂ ಜಾಸ್ತಿ, ದೂರೂ ಜಾಸ್ತಿ. ನ್ಯೂಯಾರ್ಕ್‌ನಲ್ಲಿ 1990ರ ದಶಕದಲ್ಲಿ ಹೃದಯ ಸರ್ಜನ್‌ಗಳ ಸಾವಿನ ಲೆಕ್ಕವನ್ನು ಹೆಸರು ಸಮೇತ ಪ್ರಕಟಿಸತೊಡಗಿದರು. ರೋಗದ ತೀವ್ರತೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು ಅನ್ನಿ. ಆದರೂ ತೀರಾ ಅಪಾಯದ ರೋಗಿಗಳನ್ನು ವಾಪಸ್ ಕಳಿಸಿದ್ದೇವೆ ಎಂದು ಹಲವು ಸರ್ಜನ್‌ಗಳೇ ಸಮೀಕ್ಷೆಯಲ್ಲಿ ಒಪ್ಪಿಕೊಂಡರು. ಅಂಕಿ ಚೆನ್ನಾಗಿ ಕಂಡಿತು. ಆ ರೋಗಿಗಳ ಪಾಡು?

ಮಕ್ಕಳ ಡಾಕ್ಟರ್ ಹದೀಜಾ ಬಾವಾ-ಗಾರ್ಬಾ ಅವರ ಪ್ರಕರಣ ನೋಡಿ. 2011ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅವರ ಕೈಯಲ್ಲಿ ಒಂದು ಮಗು ತೀರಿಕೊಂಡಿತು. ತಪ್ಪು ಆಗಿತ್ತು, ನಿಜ. ಆದರೆ ಅವರು ಹೆರಿಗೆ ರಜೆ ಮುಗಿಸಿ ಆಗಷ್ಟೇ ಬಂದ ಜೂನಿಯರ್. ಅವತ್ತು ಕಂಪ್ಯೂಟರ್ ಕೆಟ್ಟಿತ್ತು, ಹಿರಿಯ ವೈದ್ಯರು ಬೆಳಿಗ್ಗೆ ಊರಲ್ಲಿರಲಿಲ್ಲ. 2018ರ ಜನವರಿಯಲ್ಲಿ ಹೈಕೋರ್ಟ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಸಿತು. ಆಗಸ್ಟ್‌ನಲ್ಲಿ ಮೇಲಿನ ಕೋರ್ಟ್ ಆ ಆದೇಶ ರದ್ದುಮಾಡಿತು. ಮೇಲ್ಮನವಿಯ ಈ ದಾರಿಯನ್ನೇ ನಾವು ‘ವಿಳಂಬ’ ಎಂದು ಬೈಯುತ್ತೇವೆ, ಅಲ್ವಾ?

ತೆಗೆಯುವುದನ್ನು ಸುಲಭ ಮಾಡಿ ನೋಡಿ. ಬ್ರಿಸ್ಟಲ್‌ನಲ್ಲಿ ಕುರ್ಚಿ ಗಟ್ಟಿ ಇದ್ದದ್ದು ಹಿರಿಯರದ್ದು. ಹೊಸ ನಿಯಮಕ್ಕೆ ಮೊದಲು ಸಿಗುವವರು ರಾತ್ರಿ ಪಾಳಿಯ ಜೂನಿಯರ್.